ಮಾತಿನ ಬೆಲೆ, ಮಾತಿನ ಮಿತಿ

ಮಾತಿಗೆ ಬೆಲೆಯುಂಟು ಎಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ನನ್ನ ಬಾಲ್ಯದ ಹಿರಿಯೂರಿನಲ್ಲಿ ಈ ನುಡಿಗೆ ಇನ್ನೊಂದು ಅರ್ಥವೂ ಇತ್ತು. ದೂರದ ಊರಿಗೆ ಬೇಗ ಮುಟ್ಟಬೇಕಾದ ಮಾತಿಗೆ ಪದಕ್ಕೆ ಇಷ್ಟೆಂದು ಲೆಕ್ಕ ಹಾಕಿ, ಅಂಚೆ ಕಛೇರಿಯ ಕಿಟಕಿಯಲ್ಲಿ ಹಣ ಕಟ್ಟಬೇಕಾಗಿತ್ತು. ಇಂದು ಅದೇ ಊರಿನಲ್ಲಿ ಕುಳಿತು, ಅಂಗೈಯಲ್ಲಿರುವ ಮೊಬೈಲಿನಿಂದ ಜಗತ್ತಿನ ಯಾವ ಮೂಲೆಗಾದರೂ ಎಷ್ಟು ಮಾತನ್ನಾದರೂ ಕಳುಹಿಸಬಹುದು. ಮಾತಿಗೆಂದು ಬೇರೆ ಖರ್ಚು ಬೀಳುವುದಿಲ್ಲ. ಎಪ್ಪತ್ತು ದಾಟಿದ ನನ್ನಂಥವರು ಈ ಎರಡು ಕಾಲಗಳನ್ನೂ ಒಂದೇ ಬದುಕಿನಲ್ಲಿ ಕಂಡಿದ್ದೇವೆ. ಬೆಲೆ ಇಳಿದಂತೆ ನಮ್ಮ ಮಾತಿಗೆ ಏನಾಯಿತೆಂಬುದನ್ನು ನೆನಪುಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ವಿದ್ಯುತ್ ತಂತಿಯ ಮೂಲಕ ಸುದ್ದಿ ಕಳುಹಿಸುವ ಪ್ರಯೋಗ 1850ರಲ್ಲಿ ಕಲಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ನಡೆಯಿತು. ನಾನು ಶಾಲೆಗೆ ಹೋಗುತ್ತಿದ್ದ 1960ರ ದಶಕದ ವೇಳೆಗೆ ಆ ಏರ್ಪಾಡಿಗೆ ನೂರು ವರ್ಷ ತುಂಬಿತ್ತು. ಆದರೂ ನಮ್ಮ ಬೀದಿಯಲ್ಲಿ ‘ತಂತಿ’ ಎಂಬ ಶಬ್ದ ಭಯವನ್ನೇ ಹುಟ್ಟಿಸುತ್ತಿತ್ತು. ತಂತಿಯವನು ಸೈಕಲ್ಲನ್ನು ಯಾರ ಮನೆಯ ಮುಂದೆ ನಿಲ್ಲಿಸುವನೋ ಎಂದು ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಲಕೋಟೆಯನ್ನು ಒಡೆಯುವ ಮೊದಲೇ ಅಳು ಆರಂಭವಾದ ಮನೆಗಳನ್ನು ನಾನು ಕಂಡಿದ್ದೇನೆ. ಒಳಗೆ ಕೆಲವೊಮ್ಮೆ ಗಂಡುಮಗು ಹುಟ್ಟಿದ ಸುದ್ದಿ ಇರುತ್ತಿತ್ತು ಎಂಬುದೂ ಉಂಟು.

ನಮ್ಮ ತಂದೆಯವರಿಗೆ ಹಿರಿಯೂರಿನಲ್ಲಿ ಕಡಲೆಕಾಯಿ ವ್ಯಾಪಾರದ ಅಂಗಡಿಯಿತ್ತು. ತಂತಿ ಕೊಡಬೇಕಾದಾಗ ಅವರು ಮೊದಲು ಹಳೆಯ ರಸೀದಿಯ ಹಿಂಬದಿಯಲ್ಲಿ ಒಕ್ಕಣೆ ಬರೆಯುತ್ತಿದ್ದರು. ಬರೆದ ಮೇಲೆ ಒಂದೊಂದೇ ಪದವನ್ನು ಹೊಡೆದುಹಾಕುತ್ತ, ಇದಿಲ್ಲದಿದ್ದರೆ ಅರ್ಥ ಕೆಡುತ್ತದೆಯೇ ಎಂದು ನಮ್ಮನ್ನೇ ಕೇಳುತ್ತಿದ್ದರು. ವಿಳಾಸದ ಪದಗಳಿಗೂ ಹಣ ಕಟ್ಟಬೇಕಾಗಿದ್ದುದರಿಂದ ಅಲ್ಲಿಯೂ ಕತ್ತರಿ ಆಡುತ್ತಿತ್ತು. ಕೊನೆಗೆ ಉಳಿಯುತ್ತಿದ್ದುದು ಎಂಟೋ ಹತ್ತೋ ಪದ. ಕಿಟಕಿಯ ಆಚೆ ಕುಳಿತ ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿ, ಪದ ಎಣಿಸಿ, ಕಳುಹಿಸುವವರ ಹೆಸರು ವಿಳಾಸಗಳನ್ನು ಕೆಳಗೆ ಬರೆಸಿಕೊಂಡು, ಆಮೇಲೆ ರಸೀದಿ ಹರಿಯುತ್ತಿದ್ದರು. ಹೆಸರಿಲ್ಲದ ಮಾತು ಆ ಕಿಟಕಿಯನ್ನು ದಾಟುತ್ತಿರಲಿಲ್ಲ. ಇದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

ತಂತಿಯ ಜೊತೆಗೆ ವ್ಯಾಪಾರಿಗಳಿಗೆ ದೊರೆತ ಇನ್ನೊಂದು ಅನುಕೂಲವೆಂದರೆ ಟ್ರಂಕ್ ಕಾಲ್. ಬೆಳಿಗ್ಗೆ ಟೆಲಿಫೋನ್ ವಿನಿಮಯ ಕೇಂದ್ರಕ್ಕೆ ಊರಿನ ಹೆಸರನ್ನೂ ನಂಬರನ್ನೂ ತಿಳಿಸಿ ಕಾಯಬೇಕು. ಸಾಧಾರಣ ಕರೆಗೆ ಒಂದು ದರ, ಅರ್ಜೆಂಟ್ ಕರೆಗೆ ಅದರ ಎರಡರಷ್ಟು, ಲೈಟ್ನಿಂಗ್ ಕರೆಗೆ ಇನ್ನೂ ಹಲವು ಪಟ್ಟು. ಊರಿಂದೂರಿಗೆ ವಿನಿಮಯ ಕೇಂದ್ರಗಳನ್ನು ದಾಟಿ ಮುಂಬಯಿಯ ದನಿ ನಮ್ಮ ಅಂಗಡಿಯನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಮಾತನಾಡುವವರು ಕಿರುಚಬೇಕಾಗುತ್ತಿತ್ತು, ಮೂರು ನಿಮಿಷವಾಯಿತೆಂದು ಆಪರೇಟರು ನಡುವೆ ಎಚ್ಚರಿಸುತ್ತಿದ್ದರು.

ಒಂದು ಸುಗ್ಗಿಯ ದಿನ ಹೀಗೆ ಬಂದ ಕರೆಯಲ್ಲಿ ಮುಂಬಯಿಯ ಎಣ್ಣೆ ಪೇಟೆ ಏರಿದೆಯೆಂಬ ಸುದ್ದಿ ತಿಳಿಯಿತು. ಧರ್ಮಪುರದ ಕಡೆಯಿಂದ ಬಂದ ಏಳೆಂಟು ಗಾಡಿಗಳು ಅಂಗಡಿಯ ಮುಂದೆ ನಿಂತಿದ್ದವು. ಊರಿನಲ್ಲಿ ಆ ಸುದ್ದಿ ಗೊತ್ತಿದ್ದುದು ನಮಗೊಬ್ಬರಿಗೇ. ನಮ್ಮ ಚಿಕ್ಕಪ್ಪನವರು ತಂದೆಯವರ ಹತ್ತಿರ ಬಂದು ಮೆಲ್ಲನೆ, “ಅಣ್ಣಾ, ಈ ಗಾಡಿಗಳ ತೂಕ ಮುಗಿಸಿಬಿಡೋಣ, ಆಮೇಲೆ ಹಲಗೆ ಬದಲಿಸಿದರಾಯಿತು” ಎಂದರು. ತಂದೆಯವರು ಉತ್ತರ ಕೊಡದೆ ಸೀಮೆಸುಣ್ಣ ತೆಗೆದುಕೊಂಡು ಹೊರಗೆ ಹೋಗಿ, ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲಿದ್ದ ಹಳೆಯ ದರವನ್ನು ಒರೆಸಿ ಹೊಸ ದರವನ್ನು ಬರೆದರು. ರೈತರಲ್ಲೊಬ್ಬರು, “ಏನು ಸಾಹುಕಾರ್ರೇ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು?” ಎಂದು ಕೇಳಿದರು. “ಪೇಟೆ ಏರಿದೆ, ನಿಮ್ಮ ಪುಣ್ಯ” ಎಂದಷ್ಟೇ ಹೇಳಿ ತಕ್ಕಡಿಗೆ ಕೂತರು. ರಾತ್ರಿ ಊಟದ ಹೊತ್ತಿಗೆ ಚಿಕ್ಕಪ್ಪನವರ ಮುಖ ಇನ್ನೂ ಗಂಟಿಕ್ಕಿಕೊಂಡಿತ್ತು. “ಕರೆಗೆ ದುಡ್ಡು ಕೊಟ್ಟದ್ದು ನಾವು ನಿಜ. ಆದರೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ತೂಗಿದರೆ ಅದು ಸುಳ್ಳು ತಕ್ಕಡಿಗೆ ಸಮ” ಎಂದು ತಂದೆಯವರು ಹೇಳಿದರು. ಬಾಯಿಂದ ಒಂದು ಸುಳ್ಳನ್ನೂ ಆಡದೆ ಅಸತ್ಯವನ್ನು ಆಚರಿಸಬಹುದೆಂಬುದು ನನಗೆ ತಿಳಿದದ್ದು ಆ ರಾತ್ರಿ.

ಆ ದಿನಗಳ ಆಪರೇಟರುಗಳನ್ನೂ ಇಲ್ಲಿ ನೆನೆಯಬೇಕು. ಊರಿನಲ್ಲಿ ಯಾರ ವ್ಯಾಪಾರ ಮುಳುಗುತ್ತಿದೆ, ಯಾರ ಮಗಳಿಗೆ ಗಂಡನ ಮನೆಯಲ್ಲಿ ಕಷ್ಟವಿದೆ, ಯಾರು ಯಾರಲ್ಲಿ ಸಾಲ ಕೇಳಿದರು ಎಂಬುದೆಲ್ಲ ಅವರ ಕಿವಿಯ ಮೇಲೆ ಬೀಳುತ್ತಿತ್ತು. ನಾನು ಬಲ್ಲ ಒಬ್ಬ ಆಪರೇಟರು ಪ್ರತಿ ಸಂಜೆ ತೇರುಮಲ್ಲೇಶ್ವರ ದೇವಸ್ಥಾನದ ಕಡೆ ನಡೆದುಹೋಗುತ್ತಿದ್ದರು. ದಾರಿಯಲ್ಲಿ ಹತ್ತು ಜನ ಮಾತನಾಡಿಸಿದರೆ ಹತ್ತು ಜನರೊಡನೆಯೂ ಮಳೆ ಬೆಳೆಯ ಮಾತು. ನಿವೃತ್ತರಾಗಿ ಎಷ್ಟೋ ವರ್ಷಗಳ ಬಳಿಕವೂ ಅವರ ಬಾಯಿಂದ ಯಾರ ಮನೆಯ ಗುಟ್ಟೂ ಹೊರಬೀಳಲಿಲ್ಲ. ವ್ರತ ಹಿಡಿದವರೆಂದು ಅವರನ್ನು ಯಾರೂ ಕರೆಯಲಿಲ್ಲ; ವಚನಗುಪ್ತಿ ಎಂಬ ಶಬ್ದವನ್ನೂ ಅವರು ಕೇಳಿರಲಾರರು.

ಇಷ್ಟನ್ನು ಓದಿದ ಯುವಕರು, ಈ ಮುದುಕರು ಹಳೆಯ ಕಾಲವೇ ಚೆನ್ನಾಗಿತ್ತೆಂದು ಹೇಳಲು ಹೊರಟಿದ್ದಾರೆ ಎಂದುಕೊಳ್ಳಬಹುದು. ಹಾಗೆ ಹೇಳುವ ಇಚ್ಛೆ ನನಗಿಲ್ಲ. ಅದಕ್ಕೆ ಕಾರಣ ನಮ್ಮ ತಾಯಿ.

ಅಕ್ಕನನ್ನು ಸಾಂಗಲಿಗೆ ಮದುವೆ ಮಾಡಿಕೊಟ್ಟಿತ್ತು. ಮದುವೆಯಾದ ಮೊದಲ ಹದಿನೈದು ವರ್ಷಗಳಲ್ಲಿ ತಾಯಿ ಮಗಳ ದನಿಯನ್ನು ಕೇಳುತ್ತಿದ್ದುದು ವರ್ಷಕ್ಕೊಮ್ಮೆ, ಅವಳು ತವರಿಗೆ ಬಂದಾಗ ಮಾತ್ರ. ಟ್ರಂಕ್ ಕಾಲ್ ಇದ್ದದ್ದು ವ್ಯಾಪಾರಕ್ಕೆ. ತಾಯಿ ಮಗಳು ಕಷ್ಟಸುಖ ಆಡುವುದಕ್ಕೆ ಅದನ್ನು ಬಳಸಬಹುದೆಂದು ಯಾರಿಗೂ ತೋಚಿರಲಿಲ್ಲ, ತಾಯಿಗೂ ತೋಚಿರಲಿಲ್ಲ. ಅಕ್ಕನಿಗೆ ಒಮ್ಮೆ ಗರ್ಭಪಾತವಾದ ಸುದ್ದಿ ನಮಗೆ ತಿಳಿದದ್ದು ಇನ್‌ಲ್ಯಾಂಡ್ ಪತ್ರದ ಮೂಲಕ. ಅಷ್ಟರಲ್ಲಿ ಅವಳು ಎದ್ದು ಅಡುಗೆಮನೆಯ ಕೆಲಸಕ್ಕೆ ಸೇರಿಯಾಗಿತ್ತು.

ಆಪರೇಟರರ ನೆರವಿಲ್ಲದೆ ಗ್ರಾಹಕರೇ ನೇರವಾಗಿ ದೂರದ ಊರಿಗೆ ಡಯಲ್ ಮಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲಿಯೇ ಕಾನಪುರ ಲಕ್ನೋಗಳ ನಡುವೆ ಆರಂಭವಾಗಿದ್ದರೂ, ಸಣ್ಣ ಊರುಗಳು ಬಹಳ ಕಾಲ ಕಾಯಬೇಕಾಯಿತು. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. ಹವಾನಿಯಂತ್ರಣವಿಲ್ಲದೆ, ನಮ್ಮ ಹಳ್ಳಿಗಳ ಬಿಸಿಲು ಧೂಳುಗಳಲ್ಲಿಯೂ ಕೆಲಸ ಮಾಡಬಲ್ಲ 128 ಸಂಪರ್ಕಗಳ ಚಿಕ್ಕ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರವನ್ನು ಅದರ ಎಂಜಿನಿಯರುಗಳು ರೂಪಿಸಿದರು. ಅಂಥ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಮುಂದಿನ ವರ್ಷಗಳಲ್ಲಿ ಊರೂರಿನ ಬಸ್ ನಿಲ್ದಾಣಗಳ ಪಕ್ಕದಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತುಗಳು ತಲೆಯೆತ್ತಿದವು. ರಾತ್ರಿ 11ರ ನಂತರ ಕಾಲುಭಾಗ ದರವಿರುತ್ತಿದ್ದುದರಿಂದ ಆ ಹೊತ್ತಿಗೆ ಬೂತಿನ ಮುಂದೆ ಜನ ಸಾಲುಗಟ್ಟುತ್ತಿದ್ದರು.

ಅಂಥ ಒಂದು ಬೂತಿಗೆ ನಾನು ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಗಾಜಿನ ಬಾಗಿಲಿನೊಳಗೆ ನಿಂತು ಅವರು ರಿಸೀವರನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು. ಎದುರಿಗೆ ಕೆಂಪು ಅಂಕಿಗಳ ಮೀಟರು. ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಕೇಳಬೇಕಾದುದನ್ನೆಲ್ಲ ಲೆಕ್ಕ ಹಾಕಿಕೊಂಡು ಬಂದವರು, ಆ ಅಂಕಿ ಓಡುವುದನ್ನು ಕಂಡೊಡನೆ ತಬ್ಬಿಬ್ಬಾಗಿ, “ಚೆನ್ನಾಗಿದ್ದೀಯಾ? ಮಕ್ಕಳು ಚೆನ್ನಾಗಿದ್ದಾರಾ? ಸರಿ, ಇಡ್ತೀನಿ, ದುಡ್ಡು ಜಾಸ್ತಿ ಆಗ್ತದೆ” ಎಂದು ಇಟ್ಟುಬಿಡುತ್ತಿದ್ದರು. “ಇನ್ನೂ ಮಾತಾಡಮ್ಮ” ಎಂದರೂ ಕೇಳುತ್ತಿರಲಿಲ್ಲ. ಹಿಂದಿರುಗುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೇಳದೆ ಉಳಿದುದನ್ನು ನನಗೆ ಹೇಳುತ್ತಿದ್ದರು.

ಇದು ಮಿತಭಾಷಣವೇ? ಅಲ್ಲ. ಮೀಟರಿನ ಭಯದಿಂದ ಉಂಟಾದ ಮೌನವನ್ನು ಸಂಯಮವೆಂದು ಕರೆಯುವುದು ನಮ್ಮ ತಾಯಂದಿರಿಗೆ ಮಾಡುವ ಅನ್ಯಾಯ. ಊಟವಿಲ್ಲದೆ ಹಸಿದಿರುವುದನ್ನು ಉಪವಾಸವೆನ್ನಲಾಗದು. ಉಣ್ಣಲು ಇದ್ದೂ ತಾನಾಗಿ ಬಿಟ್ಟರೆ ಮಾತ್ರ ಅದು ಉಪವಾಸ. ಮಾತಿನ ವಿಷಯವೂ ಹೀಗೆಯೇ.

ಆನಂತರದ ಬದಲಾವಣೆಗಳು ಒಂದರ ಬೆನ್ನಿಗೊಂದು ಬಂದವು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲಕತ್ತೆಯಿಂದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮೊಬೈಲಿನಲ್ಲಿ ಮಾತನಾಡಿದರು. ಎರಡೇ ವಾರಗಳ ಬಳಿಕ, ಆಗಸ್ಟ್ 15ರಂದು, ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭವಾಯಿತು. ಮೊದಮೊದಲು ಮೊಬೈಲಿಗೆ ಕರೆ ಬಂದರೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆ ಹೊತ್ತಿಗೆ ನಮ್ಮ ಜನ ‘ಮಿಸ್ಡ್ ಕಾಲ್’ ಎಂಬ ಖರ್ಚಿಲ್ಲದ ಭಾಷೆಯೊಂದನ್ನು ಕಂಡುಕೊಂಡಿದ್ದರು. ಒಂದು ಸಲ ರಿಂಗಾದರೆ ಮಗ ಊರು ಮುಟ್ಟಿದ, ಎರಡು ಸಲ ರಿಂಗಾದರೆ ನೀವೇ ಫೋನು ಮಾಡಿ ಎಂದು ಮನೆಮನೆಯಲ್ಲಿ ಒಪ್ಪಂದವಿರುತ್ತಿತ್ತು. ಮೊಬೈಲಿನ ಕಿರುಸಂದೇಶಗಳಲ್ಲಿ ಕನ್ನಡವನ್ನು ಬಹುಕಾಲ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದೆವು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ, 1998ರಲ್ಲಿ ಬಂದ ‘ಬರಹ’ ತಂತ್ರಾಂಶವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಹಾದಿ ಮಾಡಿಕೊಟ್ಟವು. ಇವೆಲ್ಲ ಹರಡುತ್ತಿರುವಾಗ ತಂತಿ ಸದ್ದಿಲ್ಲದೆ ಸೊರಗಿತು. 2013ರ ಜುಲೈ 14ರ ರಾತ್ರಿ ಕೊನೆಯ ತಂತಿಗಳನ್ನು ಸ್ವೀಕರಿಸಿ ಆ ಸೇವೆಯನ್ನು ಮುಚ್ಚಲಾಯಿತು.

ತಂತಿ ಹೋದುದರ ಜೊತೆಗೆ ಆ ಕಿಟಕಿಯೂ ಹೋಯಿತು. ಮಾತನ್ನು ಗಟ್ಟಿಯಾಗಿ ಓದಿ, ಯಾರು ಕಳುಹಿಸುತ್ತಿದ್ದೀರಿ ಎಂದು ಕೇಳುವವರು ಈಗ ನಡುವೆ ಯಾರೂ ಇಲ್ಲ. ಇದರ ಪರಿಣಾಮ ಏನೆಂಬುದನ್ನು 2018ರಲ್ಲಿ ದೇಶ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು ವಾಟ್ಸಾಪಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹರಿದವು. ಆ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ತಂಡವೊಂದು ಹಳ್ಳಿಯ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಅನುಮಾನಗೊಂಡ ಜನರಿಂದ ತಪ್ಪಿಸಿಕೊಂಡು ಅವರು ಕಾರಿನಲ್ಲಿ ಹೊರಟರೆ, ಸುದ್ದಿ ಕಾರಿಗಿಂತ ಮೊದಲು ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡ ಹಾಕಿದ ಜನರ ಹೊಡೆತಕ್ಕೆ ಒಬ್ಬ ಯುವ ಎಂಜಿನಿಯರ್ ಬಲಿಯಾದರು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ, ಬಂದ ಸಂದೇಶವನ್ನು ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರ ಏಪ್ರಿಲಿನಲ್ಲಿ, ಬಹಳ ಸಲ ಕೈ ಬದಲಿಸಿದ ಸಂದೇಶಗಳಿಗೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು.

ಅದೇ 2018ರ ಬೇಸಗೆಯಲ್ಲಿ ನಮ್ಮ ಬೀದಿಗೂ ಆ ಗಾಳಿ ಬೀಸಿತ್ತು. ತಲೆಕೂದಲು ಕೊಂಡು ಪಾತ್ರೆ, ಪಿನ್ನು ಕೊಡುವ ಹುಡುಗನೊಬ್ಬ ಬೆಳಿಗ್ಗೆ ಬುಟ್ಟಿ ಹೊತ್ತು ಬಂದ. ಅವನ ಕನ್ನಡದಲ್ಲಿ ತೆಲುಗು ಬೆರೆತಿತ್ತು. ಹಿಂದಿನ ರಾತ್ರಿ ಎಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂದಿತ್ತು. ಸಜ್ಜನರೇ ತುಂಬಿದ್ದ ನಮ್ಮ ಸಮಾಜದ ಗುಂಪಿಗೂ ಬಂದಿತ್ತು. ಕಾಲು ಗಂಟೆಯೊಳಗೆ ಹುಡುಗನ ಸುತ್ತ ಮೂವತ್ತು ಜನ ಸೇರಿದರು. ಒಬ್ಬರು ಅವನ ಬುಟ್ಟಿಯನ್ನು ಕಿತ್ತುಕೊಂಡರು, ಇನ್ನೊಬ್ಬರು ಅವನ ಮುಖವನ್ನು ಚಿತ್ರ ತೆಗೆಯುತ್ತಿದ್ದರು. ಆಗ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಜನರನ್ನು ಸರಿಸಿಕೊಂಡು ಒಳಗೆ ಹೋಗಿ ಅವನ ಕೈ ಹಿಡಿದುಕೊಂಡರು. “ಯಾವೂರಪ್ಪಾ ನಿಂದು? ನಿಮ್ಮ ಹಿರೀಕರ ನಂಬರು ಇದ್ರೆ ಕೊಡು” ಎಂದರು. ಹುಡುಗ ನಡುಗುತ್ತ ನಂಬರು ಹೇಳಿದ. ಅವರು ತಮ್ಮ ಫೋನಿನಿಂದಲೇ ಮಾತನಾಡಿದರು. ಊರಾಚೆ ಬಿಡಾರ ಹೂಡಿದ್ದ ಅವನ ಮಾವನ ದನಿಯನ್ನು ಎಲ್ಲರಿಗೂ ಕೇಳಿಸಿದರು. ಬಳಿಕ ಪೊಲೀಸ್ ಠಾಣೆಗೂ ತಿಳಿಸಿದರು. ಪೊಲೀಸರು ಬರುವಷ್ಟರಲ್ಲಿ ಗುಂಪು ಚದುರಿತ್ತು. ಹುಡುಗ ಅವರ ಜಗಲಿಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದ. “ಮೂವತ್ತು ಜನರ ಕೈಲೂ ಫೋನಿತ್ತು. ಒಂದು ಸಲ ಕೇಳಿ ನೋಡೋಣ ಅಂತ ಒಬ್ರಿಗೂ ಅನ್ನಿಸಲಿಲ್ವಲ್ಲ” ಎಂದು ಆ ತಾಯಿ ಆಮೇಲೆ ಹೇಳಿದರು.

ಹುಡುಗನ ಪ್ರಾಣಕ್ಕೆ ಸಂಚಕಾರ ತಂದದ್ದೂ ಫೋನು, ಅವನನ್ನು ಉಳಿಸಿದ್ದೂ ಫೋನು. ಆದುದರಿಂದ ಯಂತ್ರವನ್ನು ದೂಷಿಸಿ ಪ್ರಯೋಜನವಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳನ್ನು ಈ ದೃಷ್ಟಿಯಿಂದ ನೋಡಬೇಕು. ದಾರಿ ತಪ್ಪಿಸುವ ಉಪದೇಶ ಮಿಥ್ಯೋಪದೇಶ. ಏಕಾಂತದ ವಿಷಯವನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಸುಳ್ಳು ಬರಹವನ್ನು ಸೃಷ್ಟಿಸುವುದು ಕೂಟಲೇಖಕ್ರಿಯೆ. ತಂತಿ, ಟೆಲಿಫೋನುಗಳ ಕನಸೂ ಇರದಿದ್ದ ಕಾಲದಲ್ಲಿ ಗುರುತಿಸಿದ ಈ ದೋಷಗಳು ಇಂದು ನಮ್ಮ ಅಂಗೈಯಲ್ಲಿವೆ. ಹಿಂದೆ ಸುಳ್ಳು ಬರಹವೊಂದನ್ನು ಹುಟ್ಟಿಸಲು ಲೇಖನಿ, ಧೈರ್ಯ, ದುರುದ್ದೇಶ ಮೂರೂ ಬೇಕಾಗಿದ್ದವು. ಈಗ ಯಾರೋ ಹುಟ್ಟಿಸಿದ್ದನ್ನು ಮುಂದಕ್ಕೆ ದಾಟಿಸಲು ಹೆಬ್ಬೆರಳೊಂದು ಸಾಕು. ಬರೆದವನು ನಾನಲ್ಲ ಎಂಬ ಸಮಾಧಾನವೂ ಜೊತೆಗಿರುತ್ತದೆ. ಆದರೆ ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಈ ಮೂರನ್ನೂ ಕರ್ಮಬಂಧಕ್ಕೆ ಕಾರಣವೆಂದು ಎಣಿಸುವ ಧರ್ಮದವರು ನಾವು. ಮುಂದಕ್ಕೆ ಕಳುಹಿಸುವುದು ಅನುಮೋದನೆಯಲ್ಲದೆ ಮತ್ತೇನು?

ಇದೇ ಸಾಧನ ಕೊಟ್ಟ ಸಂತೋಷವನ್ನೂ ಮರೆಯಬಾರದು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಮೊದಲ ಬಾರಿಗೆ ಕೋಡಿ ಬಿದ್ದದ್ದು 1933ರಲ್ಲಿ. ಆಗ ಬಾಲಕರಾಗಿದ್ದ ನಮ್ಮ ತಂದೆಯವರು ಎತ್ತಿನ ಗಾಡಿಯಲ್ಲಿ ಹೋಗಿ ನೋಡಿ ಬಂದುದನ್ನು ಜೀವನವಿಡೀ ವರ್ಣಿಸುತ್ತಿದ್ದರು. ನಾವು ಕಿವಿಯಿಂದ ಕೇಳಿದೆವೇ ಹೊರತು ಕಣ್ಣಿನಿಂದ ಕಾಣಲಿಲ್ಲ. 89 ವರ್ಷಗಳ ಬಳಿಕ, 2022ರ ಸೆಪ್ಟೆಂಬರಿನಲ್ಲಿ, ಮತ್ತೆ ಕೋಡಿ ಬಿದ್ದಾಗ ನಾನು ಅಲ್ಲಿ ನಿಂತು ಅಕ್ಕನಿಗೆ ವಿಡಿಯೊ ಕರೆ ಮಾಡಿದೆ. ಸಾಂಗಲಿಯ ಮನೆಯಲ್ಲಿ, ಮಂಚದ ಮೇಲೆ ಕುಳಿತಿದ್ದ ಅಕ್ಕ ತವರಿನ ನೀರು ಹರಿಯುವುದನ್ನು ಇಪ್ಪತ್ತು ನಿಮಿಷ ನೋಡಿದಳು. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಎದುರಿಗೆ ಮೀಟರು ಓಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ತಾಯಿಯ ನೆನಪಾಯಿತು.

ನಮ್ಮ ಸಮಾಜದ ಹಿರಿಯರಿಗೂ ಬಸದಿಗಳ ಟ್ರಸ್ಟುಗಳಿಗೂ ಎರಡು ಮಾತು ನಿವೇದಿಸಬಯಸುತ್ತೇನೆ. ಟ್ರಸ್ಟಿನ ಗುಂಪಿನಲ್ಲಿ ಪ್ರಕಟಣೆ ಹಾಕುವಾಗ ಯಾರು, ಯಾವ ದಿನಾಂಕದಂದು ಹೇಳುತ್ತಿದ್ದಾರೆಂಬುದು ಅದರ ಕೆಳಗೆ ಇರಲಿ. ಹಳೆಯ ತಂತಿ ಕಿಟಕಿಯ ಆ ಒಂದು ನಿಯಮ ಇಂದಿಗೂ ಒಳ್ಳೆಯದೇ. ಸಾವಿನ ಸುದ್ದಿಯನ್ನು ಮನೆಯವರು ಹೇಳುವ ಮೊದಲು ನಾವು ಹೇಳುವುದು ಬೇಡ. ಆಸ್ಪತ್ರೆಯ ಹಾಸಿಗೆಯಲ್ಲಿರುವವರ ಚಿತ್ರವಾಗಲಿ, ನೆರವು ಪಡೆದ ವಿದ್ಯಾರ್ಥಿಯ ಹೆಸರಾಗಲಿ ನೂರಾರು ಜನರ ಮುಂದೆ ಹರಡುವುದು ಬೇಡ.

ಎರಡನೆಯದು ಕ್ಷಮಾವಣಿಯ ಮಾತು. ದಶಲಕ್ಷಣ ಪರ್ವದ ಕೊನೆಗೆ ಅಚ್ಚು ಹಾಕಿಸಿದ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೆವು. ಈಗ ಕಮಲದ ಚಿತ್ರವಿರುವ ಸಂದೇಶ ಒಂದು ಸಲಕ್ಕೆ ಇಡೀ ಗುಂಪನ್ನು ಮುಟ್ಟುತ್ತದೆ. ನಮ್ಮ ಬಂಧುಗಳಲ್ಲಿ ಅಣ್ಣ ತಮ್ಮಂದಿರಿಬ್ಬರು ಆಸ್ತಿಯ ವಿಷಯದಲ್ಲಿ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಇಬ್ಬರೂ ಒಂದೇ ಗುಂಪಿನಲ್ಲಿದ್ದು, ಪ್ರತಿ ವರ್ಷವೂ ಇಬ್ಬರೂ ಅದೇ ಗುಂಪಿಗೆ ಕ್ಷಮಾವಣಿಯ ಚಿತ್ರ ಹಾಕುತ್ತಿದ್ದರು. ಒಂದು ವರ್ಷ ಅಣ್ಣನವರು ಚಿತ್ರ ಹಾಕಲಿಲ್ಲ. ತಮ್ಮನಿಗೆ ಫೋನು ಮಾಡಿ, “ನಾನು ಕಣೋ, ನಿಮ್ಮಣ್ಣ” ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆದರೆ ಫೋನು ಇಡಲೂ ಇಲ್ಲ. ಕೊನೆಗೆ ತಮ್ಮನವರು, “ಅಣ್ಣಾ, ಊಟ ಆಯ್ತಾ?” ಎಂದು ಕೇಳಿದರು. ವ್ಯಾಜ್ಯ ಇನ್ನೂ ಮುಗಿದಿಲ್ಲ. ಆದರೆ ಆ ವರ್ಷ ಅಣ್ಣನ ಮನೆಯ ಮದುವೆಯಲ್ಲಿ ಬಡಿಸುವವರ ಮುಂದಾಳಾಗಿ ನಿಂತವರು ತಮ್ಮನವರೇ.

ಭಾಷಾಸಮಿತಿಯೆಂದರೆ ಹಿತವಾಗಿ, ಮಿತವಾಗಿ, ಪ್ರಿಯವಾಗಿ ನುಡಿಯುವುದು ಎಂದು ಕೇಳಿದ್ದೇವೆ. ಅದು ಮುನಿಗಳಿಗೆ ವಿಧಿಸಿದ ನಿಯಮವಾದರೂ ಶ್ರಾವಕರಾದ ನಮಗೆ ಅದರ ಅಭ್ಯಾಸ ಸಲ್ಲದೆಂದೇನೂ ಇಲ್ಲ. ಮಾತು ದುಬಾರಿಯಾಗಿದ್ದಾಗ ಮಿತಿಯನ್ನು ದರಪಟ್ಟಿ ನೋಡಿಕೊಳ್ಳುತ್ತಿತ್ತು. ಈಗ ಆ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬಿದ್ದಿದೆ. ಇದನ್ನು ಕಾಲದ ಕೇಡೆಂದು ಹಳಿಯುವುದಕ್ಕಿಂತ, ಸಂಯಮವನ್ನು ತಾವಾಗಿ ಆರಿಸಿಕೊಳ್ಳುವ ಅವಕಾಶ ನಮ್ಮ ಪೀಳಿಗೆಗೆ ದೊರೆಯಿತೆಂದು ತಿಳಿಯುವುದು ಲೇಸು. ಈ ವರ್ಷದ ಕ್ಷಮಾವಣಿಯಂದು ಇನ್ನೂರು ಜನರಿಗೆ ಚಿತ್ರ ಕಳುಹಿಸುವ ಮೊದಲು, ಯಾರೊಡನೆ ಮಾತು ನಿಂತಿದೆಯೋ ಅವರೊಬ್ಬರಿಗೆ ಫೋನು ಮಾಡೋಣ. ಅದಕ್ಕೆ ಹೆಚ್ಚಿನ ಖರ್ಚೇನೂ ಆಗುವುದಿಲ್ಲ.